ಕೇಳಿ, ಹೇಳುತ್ತೇವೆ: ಮೆಮೊರಿ ಖಾಲಿಯಾಗಿ ಸಿಸ್ಟಂ ಕೈಕೊಟ್ಟಾಗ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಾಯಿಲೆಗೆ ಸೇರಿದವು: ಸಿಸ್ಟಂ ಹ್ಯಾಂಗ್ ಆಗುವುದು, ಪ್ರೋಗ್ರಾಂ ಹೇಳದೆ ಕೇಳದೆ ಮಾಯವಾಗುವುದು, ನೀಲಿ ಪರದೆ ಬರುವುದು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಪ್ರಶ್ನೆ: ನನ್ನದು 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದ್ದೇನೆ. ಬ್ರೌಸರ್ ಜೊತೆಗೆ ವರ್ಚುವಲ್ ಮಷೀನ್ ಓಡಿಸಿದರೆ ಕೆಲವೊಮ್ಮೆ ಮೌಸ್ ಕೂಡ ಅಲುಗಾಡುವುದಿಲ್ಲ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಟ್ಟೇ ಇಲ್ಲ, ಆದರೂ ಡಿಸ್ಕ್ ದೀಪ ಒಂದೇ ಸಮನೆ ಉರಿಯುತ್ತಿರುತ್ತದೆ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ. ಇದು ಮೆಮೊರಿ ತೊಂದರೆಯೋ, ಡಿಸ್ಕ್ ತೊಂದರೆಯೋ?

ಉತ್ತರ: ನೀವು ಹೇಳುವ ಲಕ್ಷಣವೆಲ್ಲ ಮೆಮೊರಿಯ ಕಡೆಗೇ ಬೆರಳು ಮಾಡುತ್ತದೆ. ಸ್ವಾಪ್ ಇಲ್ಲದಿದ್ದರೂ ಡಿಸ್ಕ್ ದೀಪ ಉರಿಯುವುದೇ ದೊಡ್ಡ ಸುಳಿವು. ಪ್ರೋಗ್ರಾಂಗಳ ದತ್ತಾಂಶವನ್ನು ಹೊರಗೆ ಸಾಗಿಸಲು ಸ್ವಾಪ್ ಇಲ್ಲದಾಗ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಉಳಿಯುವುದು ಡಿಸ್ಕ್‌ನಲ್ಲಿ ಪ್ರತಿ ಇರುವ ಪುಟಗಳು (ಮೆಮೊರಿಯ 4 ಕೆಬಿ ತುಂಡುಗಳು) ಮಾತ್ರ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ ಕೋಡ್. ಅದನ್ನೇ ಎಸೆಯುತ್ತದೆ. ಎಸೆದದ್ದು ಮರುಕ್ಷಣವೇ ಬೇಕಾಗುತ್ತದೆ, ಡಿಸ್ಕ್‌ನಿಂದ ಮತ್ತೆ ಓದಬೇಕು, ಓದಿದ್ದಕ್ಕೆ ಜಾಗ ಮಾಡಲು ಇನ್ನೊಂದು ಪುಟ ಎಸೆಯಬೇಕು. ಈ ಥ್ರ್ಯಾಶಿಂಗ್ ನಡೆಯುತ್ತಿರುವಾಗ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಪುಟ ಬಿಡುಗಡೆಯಾಗುತ್ತಲೇ ಇರುವುದರಿಂದ, ಮೆಮೊರಿ ಪೂರ್ತಿ ಮುಗಿಯಿತು ಎಂದು ಕರ್ನಲ್ ತೀರ್ಮಾನಿಸುವುದೇ ಇಲ್ಲ. ದೊಡ್ಡ ಪ್ರೋಸೆಸ್ ಒಂದನ್ನು ಕೊಂದು ಸಿಸ್ಟಂ ಉಳಿಸಬೇಕಾದ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಬರುವಷ್ಟರಲ್ಲಿ ಬಳಕೆದಾರರ ತಾಳ್ಮೆ ಮುಗಿದು ಪವರ್ ಬಟನ್ ಮೇಲೆ ಕೈ ಹೋಗಿರುತ್ತದೆ.

ಖಚಿತಪಡಿಸಿಕೊಳ್ಳಲು ಎರಡು ಟರ್ಮಿನಲ್ ತೆರೆದಿಡಿ. ಒಂದರಲ್ಲಿ ‘ವಿಎಂಸ್ಟ್ಯಾಟ್ 1’ ಓಡಲಿ. ಅದರ ಮೊದಲ ಸಾಲು ಬೂಟ್ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಸ್ವಾಪ್ ಇರುವವರು ‘ಎಸ್‌ಐ’, ‘ಎಸ್‌ಒ’ ಕಾಲಂ ನೋಡಬೇಕು. ನಿಮಗೆ ಸ್ವಾಪ್ ಇಲ್ಲದ್ದರಿಂದ ಅವು ಸೊನ್ನೆಯೇ. ನೀವು ‘ಬಿಐ’ ಮತ್ತು ‘ಡಬ್ಲ್ಯುಎ’ ನೋಡಿ. ಹೊಸದೇನನ್ನೂ ತೆರೆಯದಿದ್ದಾಗಲೂ ಡಿಸ್ಕ್‌ನಿಂದ ಓದುವ ಪ್ರಮಾಣ ಏರಿ ಅಲ್ಲೇ ನಿಂತರೆ ಥ್ರ್ಯಾಶಿಂಗ್ ಶುರುವಾಗಿದೆ. ಇನ್ನೊಂದು ಟರ್ಮಿನಲ್‌ನಲ್ಲಿ ‘/ಪ್ರಾಕ್/ಪ್ರೆಷರ್/ಮೆಮೊರಿ’ ಫೈಲನ್ನು ಕ್ಷಣಕ್ಕೊಮ್ಮೆ ಓದಿಸಿ. 4.20 ಮತ್ತು ಅದರ ನಂತರದ ಕರ್ನಲ್‌ಗಳಲ್ಲಿ ಇದು ಸಿಗುತ್ತದೆ. ‘ಸಮ್’ ಸಾಲು, ಕೆಲವು ಪ್ರೋಸೆಸ್‌ಗಳಾದರೂ ಮೆಮೊರಿಗಾಗಿ ಕಾದು ನಿಂತ ಸಮಯದ ಶೇಕಡಾವಾರು. ‘ಫುಲ್’ ಸಾಲು, ಕೆಲಸವಿದ್ದ ಎಲ್ಲ ಪ್ರೋಸೆಸ್‌ಗಳೂ ಒಟ್ಟಿಗೆ ಕಾದು ನಿಂತ ಸಮಯ. ‘ಫುಲ್’ನ 10 ಸೆಕೆಂಡಿನ ಸರಾಸರಿ ಎರಡಂಕಿ ದಾಟಿತೆಂದರೆ ಹ್ಯಾಂಗ್ ಹತ್ತಿರವಿದೆ.

ಸಿಕ್ಕಿಹಾಕಿಕೊಂಡಾಗ ಪವರ್ ಬಟನ್‌ಗೆ ಮುಂಚೆ ಆಲ್ಟ್, ಸಿಸ್‌ಆರ್‌ಕ್ಯು, ಎಫ್ ಈ ಮೂರನ್ನೂ ಒತ್ತಿ. ಸಿಸ್‌ಆರ್‌ಕ್ಯು ಎಂದರೆ ಪ್ರಿಂಟ್ ಸ್ಕ್ರೀನ್ ಕೀಲಿ. ಇದು ಓಓಎಂ ಕಿಲ್ಲರನ್ನು ಕೈಯಾರೆ ಕರೆಯುವ ವಿಧಾನ. ಡೆಸ್ಕ್‌ಟಾಪ್ ಪೂರಾ ಸ್ತಬ್ಧವಾಗಿದ್ದರೂ ಕರ್ನಲ್ ಇದನ್ನು ನೇರವಾಗಿ ಕೇಳಿಸಿಕೊಳ್ಳುತ್ತದೆ. ಆದರೆ ಇದು ಮೊದಲೇ ಸಕ್ರಿಯವಾಗಿರಬೇಕು. ಉಬುಂಟುವಿನಲ್ಲಿ ‘ಕರ್ನಲ್.ಸಿಸ್‌ಆರ್‌ಕ್ಯು’ ಮೌಲ್ಯ 176 ಇರುತ್ತದೆ. ಪ್ರೋಸೆಸ್ ಕೊಲ್ಲುವ ಅನುಮತಿಯ ಬಿಟ್ 64, ಅದು 176ರಲ್ಲಿ ಸೇರಿಲ್ಲ. ಎರಡನ್ನೂ ಕೂಡಿಸಿ 240 ಎಂದು ಬರೆಯಿರಿ.

ಶಾಶ್ವತ ಪರಿಹಾರಕ್ಕೆ ‘ಅರ್ಲಿಓಓಎಂ’ ಹಾಕಿಕೊಳ್ಳಿ. ಲಭ್ಯ ಮೆಮೊರಿಯೂ ಖಾಲಿ ಸ್ವಾಪೂ ಎರಡೂ ಶೇ 10ಕ್ಕಿಂತ ಕೆಳಗಿಳಿದರೆ ದೊಡ್ಡ ಪ್ರೋಸೆಸ್‌ಗೆ ಮರ್ಯಾದೆಯಿಂದ ‘ಹೊರಡು’ ಎನ್ನುತ್ತದೆ, ಶೇ 5ಕ್ಕಿಂತ ಕೆಳಗಾದರೆ ನೇರ ಕೊಲ್ಲುತ್ತದೆ. ಹಾಗೆಯೇ ಸ್ವಾಪ್ ಪೂರ್ತಿ ತೆಗೆದುಹಾಕುವ ಅಭ್ಯಾಸವನ್ನು ಬಿಡಿ. ಸ್ವಾಪ್ ಇದ್ದರೆ ನಿಧಾನ, ಇಲ್ಲದಿದ್ದರೆ ವೇಗ ಎಂಬ ನಂಬಿಕೆ ಎಲ್ಲೆಡೆ ಹರಡಿದೆ, ಆದರೆ ನಿಮ್ಮ ಅನುಭವವೇ ಅದಕ್ಕೆ ಉಲ್ಟಾ ಇದೆ. 4 ಜಿಬಿ ಸ್ವಾಪ್ ಫೈಲ್, ಇಲ್ಲವೇ ರ‍್ಯಾಮ್‌ನೊಳಗೇ ದತ್ತಾಂಶವನ್ನು ಕುಗ್ಗಿಸಿಡುವ ‘ಝಡ್‌ರ‍್ಯಾಮ್’, ಎರಡರಲ್ಲಿ ಒಂದಿರಲಿ. ಮತ್ತೆ, 8 ಜಿಬಿಯಲ್ಲಿ ವರ್ಚುವಲ್ ಮಷೀನ್‌ಗೆ 4 ಜಿಬಿ ಕೊಟ್ಟಿದ್ದರೆ ಮೊದಲು ಅದನ್ನು ಇಳಿಸಿ.

ಪ್ರಶ್ನೆ: ನಮ್ಮ 16 ಜಿಬಿ ಸರ್ವರ್‌ನಲ್ಲಿ ವಾರಕ್ಕೆರಡು ಸಲ ರಾತ್ರಿ ಮೈಎಸ್‌ಕ್ಯುಎಲ್ ಸಾಯುತ್ತದೆ. ಸ್ವಾಪ್ ಇಲ್ಲ. ಲಾಗ್‌ನಲ್ಲಿ ‘ಜಿಝಿಪ್ ಇನ್ವೋಕ್ಡ್ ಓಓಎಂ-ಕಿಲ್ಲರ್’ ಎಂದಿದೆ. ಜಿಝಿಪ್ ಬ್ಯಾಕಪ್‌ನದು. ಬ್ಯಾಕಪ್ ನಿಲ್ಲಿಸಿ ನೋಡಿದೆವು, ಆದರೂ ಸತ್ತಿತು. ಹಾಗಾದರೆ ಡೇಟಾಬೇಸ್‌ನಲ್ಲೇ ಮೆಮೊರಿ ಸೋರಿಕೆ ಇದೆಯೇ? ಲಾಗ್‌ನ ಪ್ರತಿ ಕಳಿಸಿದ್ದೇವೆ.

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿದೆ. ಓಓಎಂ ಲಾಗ್‌ನಲ್ಲಿ ಎರಡು ಹೆಸರು ಬರುತ್ತವೆ, ಎರಡೂ ಅಪರಾಧಿಯ ಹೆಸರಾಗಬೇಕಿಲ್ಲ. ‘ಇನ್ವೋಕ್ಡ್’ ಎಂಬುದರ ಹಿಂದೆ ಇರುವುದು, ಮೆಮೊರಿ ಮುಗಿದ ಆ ಕ್ಷಣಕ್ಕೆ ಸರಿಯಾಗಿ ಪುಟ ಕೇಳಿದ ನತದೃಷ್ಟ. ಒಂದೇ ಒಂದು 4 ಕೆಬಿ ಪುಟ ಕೇಳಿದ್ದರೂ ಅದರ ಹೆಸರು ಬರುತ್ತದೆ. ‘ಕಿಲ್ಡ್ ಪ್ರೋಸೆಸ್’ ಮುಂದೆ ಇರುವುದು, ಕೊಂದರೆ ಹೆಚ್ಚು ಜಾಗ ಸಿಗುತ್ತದೆಂದು ಕರ್ನಲ್ ಆರಿಸಿದ ದೊಡ್ಡ ದೇಹ. ಏರಿದವರು ಯಾರು ಎಂಬುದು ಇವೆರಡರ ನಡುವಿನ ಕೋಷ್ಟಕದಲ್ಲಿದೆ, ಅದನ್ನು ಯಾರೂ ಓದುವುದಿಲ್ಲ.

ಕೋಷ್ಟಕ ಓದುವಾಗ ‘ಟೋಟಲ್ ವಿಎಂ’ ಕಾಲಂ ಮೇಲೆ ಕಣ್ಣು ಹಾಯಿಸಬೇಡಿ. ಅದು ಪ್ರೋಸೆಸ್ ಕಾಯ್ದಿರಿಸಿಕೊಂಡ ವಿಳಾಸ ಮಾತ್ರ, ಬಳಸಿದ ರ‍್ಯಾಮ್ ಅಲ್ಲ. ಬೇಕಾದದ್ದು ನಿಜವಾಗಿ ಬಳಕೆಯಲ್ಲಿರುವ ರ‍್ಯಾಮ್ ಹೇಳುವ ‘ಆರ್‌ಎಸ್‌ಎಸ್’. ಕೋಷ್ಟಕದಲ್ಲಿ ಅದು ಕೆಬಿಯಲ್ಲಿ ಇರುವುದಿಲ್ಲ, ಪುಟಗಳಲ್ಲಿರುತ್ತದೆ. 4ರಿಂದ ಗುಣಿಸಿದರೆ ಕೆಬಿ. ತಮಾಷೆಯೆಂದರೆ ಕೊನೆಯ ‘ಕಿಲ್ಡ್’ ಸಾಲಿನಲ್ಲಿ ಮಾತ್ರ ಅದೇ ಅಂಕಿಗಳು ಕೆಬಿಯಲ್ಲಿ ಬರುತ್ತವೆ, ಗೊಂದಲಕ್ಕೆ ಇದೇ ಸಾಕು. ನಿಮ್ಮ ಲಾಗ್‌ನಲ್ಲಿ ಡೇಟಾಬೇಸ್‌ನ ಆರ್‌ಎಸ್‌ಎಸ್ 26,21,440 ಪುಟ, ಅಂದರೆ ಸರಿಯಾಗಿ 10 ಜಿಬಿ. ನೀವು ಡೇಟಾಬೇಸ್‌ನ ಕ್ಯಾಶ್ ಆದ ಬಫರ್ ಪೂಲ್‌ಗೆ 9 ಜಿಬಿ ಕೊಟ್ಟಿರುವುದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ, ಇದು ಸೋರಿಕೆಯಲ್ಲ. ಕೆಳಗೆ ನೋಡಿ: ವೆಬ್ ವಿನಂತಿಗಳನ್ನು ನಿಭಾಯಿಸುವ ಪಿಎಚ್‌ಪಿಯ ವರ್ಕರ್‌ಗಳು 40 ಇವೆ, ಒಂದೊಂದೂ ಸುಮಾರು 35,000 ಪುಟ, ಅಂದರೆ 137 ಎಂಬಿ. ಒಂದೊಂದಾಗಿ ನೋಡಿದರೆ ಬಡಪಾಯಿಗಳು, ಒಟ್ಟು ಮಾಡಿದರೆ 5.3 ಜಿಬಿ. ಡೇಟಾಬೇಸ್ ಜೊತೆ ಸೇರಿಸಿದರೆ 15.3 ಜಿಬಿ. ಕರ್ನಲ್‌ಗೆ ಬೇಕಾದದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ವಾರಕ್ಕೆರಡು ಸಲ ರಾತ್ರಿ ಏಕಕಾಲಕ್ಕೆ ಅಷ್ಟು ವರ್ಕರ್ ಏಳುವಂಥ ಕೆಲಸ ಯಾವುದು ಎಂದು ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಪಟ್ಟಿಯಲ್ಲೂ ವೆಬ್ ಸರ್ವರ್ ಲಾಗ್‌ನಲ್ಲೂ ಹುಡುಕಿ.

ಒಂದು ಎಚ್ಚರಿಕೆ: ವರ್ಕರ್‌ಗಳು ಹಂಚಿಕೊಂಡ ಮೆಮೊರಿ ಪ್ರತಿಯೊಂದರ ಆರ್‌ಎಸ್‌ಎಸ್‌ನಲ್ಲೂ ಪೂರ್ತಿ ಸೇರುತ್ತದೆ, ಆದ್ದರಿಂದ 5.3 ಜಿಬಿ ಎಂಬುದು ಗರಿಷ್ಠ ಅಂದಾಜು. ಹಂಚಿಕೆಯನ್ನು ಭಾಗಿಸಿ ಲೆಕ್ಕ ಹಾಕುವ ‘ಪಿಎಸ್‌ಎಸ್’ ಬೇಕಿದ್ದರೆ ಬದುಕಿರುವ ವರ್ಕರ್ ಒಂದರ ‘/ಪ್ರಾಕ್/ಪಿಐಡಿ/ಸ್ಮ್ಯಾಪ್ಸ್_ರೋಲಪ್’ ತೆರೆದು ನೋಡಿ.

ಪರಿಹಾರ ಸರಳ ಗಣಿತ. 16ರಿಂದ ಡೇಟಾಬೇಸ್‌ನ 10 ಕಳೆಯಿರಿ, ಕರ್ನಲ್, ಫೈಲ್ ಕ್ಯಾಶ್, ಬ್ಯಾಕಪ್‌ಗೆಂದು 2 ಕಳೆಯಿರಿ. ಉಳಿದ 4 ಜಿಬಿಯನ್ನು 137 ಎಂಬಿಯಿಂದ ಭಾಗಿಸಿದರೆ 29. ಪಿಎಚ್‌ಪಿ-ಎಫ್‌ಪಿಎಂನ ‘ಪಿಎಂ.ಮ್ಯಾಕ್ಸ್_ಚಿಲ್ಡ್ರನ್’ ಮೌಲ್ಯವನ್ನು 25ಕ್ಕೆ ಇಳಿಸಿ. ಹೆಚ್ಚಿನ ವಿನಂತಿಗಳು ಸಾಲಿನಲ್ಲಿ ಕಾಯುತ್ತವೆ. ಡೇಟಾಬೇಸ್ ಸಾಯುವುದಕ್ಕಿಂತ ಅದು ಲೇಸು. 40 ವರ್ಕರ್ ಇರಲೇಬೇಕೆಂದರೆ ಬಫರ್ ಪೂಲನ್ನು 7 ಜಿಬಿಗೆ ತನ್ನಿ.

ಡೇಟಾಬೇಸ್‌ಗೆ ‘ಓಓಎಂ_ಸ್ಕೋರ್_ಅಡ್ಜ್’ ಮೌಲ್ಯ -300 ಕೊಟ್ಟಿದ್ದೇವೆ, ಏನೂ ಪ್ರಯೋಜನವಾಗಲಿಲ್ಲ ಎಂದೂ ಬರೆದಿದ್ದೀರಿ. ಆಗುವುದೂ ಇಲ್ಲ. ಆ ಮಾಪಕದ ಒಂದು ಅಂಕ ಎಂದರೆ ಒಟ್ಟು ಮೆಮೊರಿಯ ಸಾವಿರದಲ್ಲೊಂದು ಪಾಲು. -300 ಎಂದರೆ 16 ಜಿಬಿಯಲ್ಲಿ 4.8 ಜಿಬಿ ರಿಯಾಯಿತಿ. 10ರಲ್ಲಿ ಅದನ್ನು ಕಳೆದರೂ 5.2 ಜಿಬಿ ಉಳಿಯುತ್ತದೆ, ಎದುರಿಗಿರುವ ವರ್ಕರ್‌ಗಳದ್ದು ಒಂದೊಂದರ ತೂಕ 137 ಎಂಬಿ. ಮತ್ತೂ ಡೇಟಾಬೇಸೇ ದೊಡ್ಡದು. -700 ಕೊಟ್ಟರೆ ರಿಯಾಯಿತಿ 11 ಜಿಬಿ ದಾಟಿ ಅದು ಪಟ್ಟಿಯ ತಳಕ್ಕೆ ಹೋಗುತ್ತದೆ. ಹಾಗೆಂದು ಎಲ್ಲ ಮುಖ್ಯ ಸೇವೆಗಳಿಗೂ ಸಂಪೂರ್ಣ ರಕ್ಷಣೆಯಾದ -1000 ಹಚ್ಚಿಬಿಡಬೇಡಿ. ಕೊಲ್ಲಲು ಯಾರೂ ಸಿಗದಿದ್ದರೆ ಕರ್ನಲ್ ತಾನೇ ಪ್ಯಾನಿಕ್ ಆಗಿ ನಿಲ್ಲುತ್ತದೆ. ಆಗ ಒಂದು ಸೇವೆ ಹೋಗುವ ಬದಲು ಇಡೀ ಸರ್ವರೇ ಹೋಯಿತು.

ಇತರ ಓದುಗರಿಗಾಗಿ ಇನ್ನೆರಡು ಮಾತು. ‘ಇನ್ವೋಕ್ಡ್’ ಸಾಲಿನಲ್ಲೇ ‘ಆರ್ಡರ್’ ಎಂಬ ಅಂಕಿ ಇರುತ್ತದೆ. 0 ಎಂದರೆ ಒಂದು ಪುಟ ಕೂಡ ಸಿಗಲಿಲ್ಲ, ನಿಜವಾದ ಬರ. 3 ಎಂದಿದ್ದರೆ ಅಕ್ಕಪಕ್ಕದ 8 ಪುಟ ಒಟ್ಟಿಗೆ ಕೇಳಿದ್ದು. ಖಾಲಿ ಮೆಮೊರಿ ಸಾಕಷ್ಟಿದ್ದೂ ಚೂರುಚೂರಾಗಿ ಹಂಚಿಹೋಗಿರಬಹುದು. ‘/ಪ್ರಾಕ್/ಬಡ್ಡಿಇನ್ಫೊ’ದಲ್ಲಿ ಬಲಗಡೆಯ ಕಾಲಂಗಳೆಲ್ಲ ಸೊನ್ನೆಯಿದ್ದರೆ ಅದೇ ಕಾರಣ. ಎರಡನೆಯದು, ಲಾಗ್‌ನ ‘ಮೆಮ್-ಇನ್ಫೊ’ ಭಾಗದಲ್ಲಿ ‘ಸ್ಲ್ಯಾಬ್_ಅನ್‌ರಿಕ್ಲೇಮಬಲ್’ ದೊಡ್ಡದಿದ್ದು ಪ್ರೋಸೆಸ್‌ಗಳ ಮೊತ್ತ ಸಣ್ಣದಿದ್ದರೆ ತಿಂದದ್ದು ಕರ್ನಲ್ ಅಥವಾ ಅದರ ಡ್ರೈವರ್. ‘ಸ್ಲ್ಯಾಬ್‌ಟಾಪ್’ ಓಡಿಸಿ ‘ಸಿ’ ಒತ್ತಿದರೆ ಯಾವ ವಸ್ತು ಬೆಳೆಯುತ್ತಿದೆ ಎಂದು ಮೇಲಿನ ಸಾಲಿನಲ್ಲೇ ಸಿಗುತ್ತದೆ. ‘ಶ್‌ಮೆಮ್’ ದೊಡ್ಡದಿದ್ದರೆ ‘/ಡೆವ್/ಶ್‌ಮ್’ ಒಳಗೋ ಟಿಎಂಪಿಎಫ್‌ಎಸ್ ಆಗಿರುವ ‘/ಟಿಎಂಪಿ’ ಒಳಗೋ ಯಾರೋ ದೊಡ್ಡ ಫೈಲ್ ಬಿಟ್ಟುಹೋಗಿದ್ದಾರೆ. ಅದು ಡಿಸ್ಕ್‌ನಂತೆ ಕಂಡರೂ ರ‍್ಯಾಮ್. ಪ್ರೋಸೆಸ್ ಸತ್ತರೂ ಫೈಲ್ ಅಳಿಸುವ ತನಕ ಬಿಡುಗಡೆಯಾಗುವುದಿಲ್ಲ.

ಪ್ರಶ್ನೆ: 32 ಜಿಬಿಯಲ್ಲಿ ‘ಫ್ರೀ’ ಎಂದು 300 ಎಂಬಿ ಮಾತ್ರ ತೋರಿಸುತ್ತಿದೆ. ಕ್ರ್ಯಾಶ್ ಆಗುವ ಮುನ್ನ ಕ್ಯಾಶ್ ಖಾಲಿ ಮಾಡುವ ಸ್ಕ್ರಿಪ್ಟ್ ಹಾಕಲೇ?

ಉತ್ತರ: ಬೇಡ. ‘ಫ್ರೀ’ ಕಾಲಂ ಅಲ್ಲ, ‘ಅವೈಲಬಲ್’ ನೋಡಿ. 3.14ನೇ ಕರ್ನಲ್‌ನಿಂದ ಈ ಅಂದಾಜನ್ನು ಕರ್ನಲೇ ಕೊಡುತ್ತಿದೆ. ಖಾಲಿ ಬಿದ್ದ ರ‍್ಯಾಮ್‌ನಲ್ಲಿ ಫೈಲ್ ಕ್ಯಾಶ್ ಕೂತಿರುತ್ತದೆ, ಕೇಳಿದ ತಕ್ಷಣ ಎದ್ದು ಜಾಗ ಕೊಡುತ್ತದೆ. ‘ಡ್ರಾಪ್_ಕ್ಯಾಶಸ್’ ಸ್ಕ್ರಿಪ್ಟ್ ಹಾಕಿದರೆ ಬೇಕಾದ ಫೈಲ್‌ಗಳನ್ನೆಲ್ಲ ಮತ್ತೆ ಡಿಸ್ಕ್‌ನಿಂದ ಓದಬೇಕಾಗುತ್ತದೆ, ಅಷ್ಟೇ ಲಾಭ.

ಪ್ರಶ್ನೆ: ಜಾವಾ ಪ್ರೋಗ್ರಾಂ ಇರುವ ಡಾಕರ್ ಕಂಟೇನರ್ 137 ಎಂಬ ಕೋಡ್ ಕೊಟ್ಟು ನಿಲ್ಲುತ್ತದೆ. ಸರ್ವರ್‌ನಲ್ಲಿ ಇನ್ನೂ 20 ಜಿಬಿ ಖಾಲಿ ಇದೆ. ಕಂಟೇನರ್ ಮಿತಿ 2 ಜಿಬಿ, ಜಾವಾ ಹೀಪ್ ಕೂಡ 2 ಜಿಬಿ. ಜಾವಾ ಕಡೆಯಿಂದ ‘ಔಟ್‌ಆಫ್‌ಮೆಮೊರಿ’ ದೋಷವೇನೂ ಬಂದಿಲ್ಲ.

ಉತ್ತರ: ಪ್ರಶ್ನೆಯ ಮೂರನೇ ವಾಕ್ಯದಲ್ಲೇ ಉತ್ತರವಿದೆ. ಹೀಪ್ ಎಂಬುದು ಜಾವಾ ಬಳಸುವ ಮೆಮೊರಿಯಲ್ಲಿ ಪ್ರೋಗ್ರಾಂನ ಆಬ್ಜೆಕ್ಟ್‌ಗಳಿರುವ ಒಂದು ಪಾಲಷ್ಟೇ. ಕ್ಲಾಸ್‌ಗಳ ಮಾಹಿತಿಗೆ ಮೆಟಾಸ್ಪೇಸ್, ಜಿಟ್ (ಓಡುವಾಗಲೇ ಅನುವಾದಿಸುವ ಕಂಪೈಲರ್) ತಯಾರಿಸಿದ ಕೋಡ್, ನೆಟ್‌ವರ್ಕ್‌ಗೆ ಡೈರೆಕ್ಟ್ ಬಫರ್, ಒಂದೊಂದು ಥ್ರೆಡ್‌ಗೆ 1 ಎಂಬಿವರೆಗೆ ಸ್ಟ್ಯಾಕ್, ಇವೆಲ್ಲ ಹೀಪ್‌ನ ಹೊರಗೆ. ಹೀಪ್ ಇನ್ನೂ 1.6 ಜಿಬಿಯಲ್ಲಿರುವಾಗಲೇ ಒಟ್ಟು ಮೊತ್ತ 2 ಜಿಬಿ ತಲುಪಿ ಕರ್ನಲ್ ಕೊಂದಿದೆ. ಹೀಪ್ ತುಂಬಿಯೇ ಇಲ್ಲದ್ದರಿಂದ ಜಾವಾಕ್ಕೆ ದೂರು ಹೇಳಲು ಅವಕಾಶವೂ ಸಿಗಲಿಲ್ಲ. ಸರ್ವರ್‌ನ 20 ಜಿಬಿಗೂ ಇದಕ್ಕೂ ಸಂಬಂಧವಿಲ್ಲ, ಕಂಟೇನರ್‌ನ ಸಿಗ್ರೂಪ್ (ಕರ್ನಲ್ ಮಿತಿ ಹಾಕುವ ಪ್ರೋಸೆಸ್‌ಗಳ ಗುಂಪು) ಮಿತಿಯೇ ಅದರ ಪ್ರಪಂಚ.

ಆದರೆ 137 ನೋಡಿದ ಕೂಡಲೇ ಮೆಮೊರಿ ಎಂದುಬಿಡಬೇಡಿ. ಅದು 128ಕ್ಕೆ 9 ಕೂಡಿಸಿದ ಸಂಖ್ಯೆ. 9ನೇ ಸಿಗ್ನಲ್‌ನಿಂದ ಸತ್ತಿತು ಎಂದಷ್ಟೇ ಅರ್ಥ. ‘ಡಾಕರ್ ಸ್ಟಾಪ್’ ಕೊಟ್ಟು 10 ಸೆಕೆಂಡಿನಲ್ಲಿ ಪ್ರೋಗ್ರಾಂ ನಿಲ್ಲದಿದ್ದರೂ ಅದೇ ಸಿಗ್ನಲ್ ಹೋಗುತ್ತದೆ. ‘ಡಾಕರ್ ಇನ್‌ಸ್ಪೆಕ್ಟ್’ ಫಲಿತಾಂಶದಲ್ಲಿ ‘ಓಓಎಂಕಿಲ್ಡ್’ ಎದುರು ‘ಟ್ರೂ’ ಇದೆಯೇ ನೋಡಿ. ಹೋಸ್ಟ್‌ನ ಕರ್ನಲ್ ಲಾಗ್‌ನಲ್ಲಿ ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಎಂಬ ಸಾಲೂ ಇರಬೇಕು. ‘ಸಿಗ್ರೂಪ್’ ಎಂಬ ಆ ಪದವಿಲ್ಲದಿದ್ದರೆ ಬರ ಬಂದದ್ದು ಇಡೀ ಯಂತ್ರಕ್ಕೆ.

ಹೀಪನ್ನು 1400 ಎಂಬಿಗೆ ಇಳಿಸಿ. ಇಲ್ಲವೇ ‘ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್’ ಆಯ್ಕೆಗೆ 70 ಕೊಡಿ. ಏನೂ ಹೇಳದಿದ್ದರೆ ಜಾವಾ ಕಾಲುಭಾಗ, ಅಂದರೆ ಶೇ 25 ಮಾತ್ರ ಹೀಪ್‌ಗೆ ಇಟ್ಟುಕೊಳ್ಳುತ್ತದೆ. ಆ ನಂತರವೂ ಸತ್ತರೆ ‘ನೇಟಿವ್ ಮೆಮೊರಿ ಟ್ರ್ಯಾಕಿಂಗ್’ ಚಾಲೂ ಮಾಡಿ, ಹೀಪ್ ಹೊರಗೆ ಯಾವ ಪಾಲು ಬೆಳೆಯುತ್ತಿದೆ ಎಂದು ‘ಜೆಸಿಎಂಡಿ’ ಮೂಲಕ ಕೇಳಿ.

ಪ್ರಶ್ನೆ: ವಿಂಡೋಸ್ 11, 16 ಜಿಬಿ ರ‍್ಯಾಮ್. ಟಾಸ್ಕ್ ಮ್ಯಾನೇಜರ್ ಪ್ರಕಾರ ಬಳಕೆ ಶೇ 70 ಮಾತ್ರ. ಆದರೂ ‘ಮೆಮೊರಿ ಕಡಿಮೆಯಿದೆ’ ಎಂಬ ಸಂದೇಶ ಬಂದು ಎಡಿಟಿಂಗ್ ತಂತ್ರಾಂಶ ಮುಚ್ಚಿಹೋಗುತ್ತದೆ. ಎಸ್‌ಎಸ್‌ಡಿ ಸವೆಯದಿರಲೆಂದು ಪೇಜ್ ಫೈಲ್ (ವಿಂಡೋಸ್‌ನ ಸ್ವಾಪ್) ತೆಗೆದಿದ್ದೇನೆ.

ಉತ್ತರ: ವಿಂಡೋಸ್‌ನಲ್ಲಿ ರ‍್ಯಾಮ್ ಮುಗಿಯುವ ಮುಂಚೆಯೇ ಮುಗಿಯಬಹುದಾದ ಇನ್ನೊಂದು ಖಾತೆ ಇದೆ, ಅದು ಕಮಿಟ್. ಪ್ರೋಗ್ರಾಂ 6 ಜಿಬಿ ಕೇಳಿ 1 ಜಿಬಿ ಮಾತ್ರ ಮುಟ್ಟಿದರೂ, ಪೂರ್ತಿ 6 ಜಿಬಿಗೆ ಎಲ್ಲಾದರೂ ಜಾಗ ಕೊಡುತ್ತೇನೆಂದು ವಿಂಡೋಸ್ ಮಾತು ಕೊಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಮಾತು ಕೊಟ್ಟು, ಕೈಮೀರಿದಾಗ ಯಾರನ್ನಾದರೂ ಕೊಲ್ಲುತ್ತದೆ. ವಿಂಡೋಸ್ ಇರುವಷ್ಟೇ ಮಾತು ಕೊಡುತ್ತದೆ, ಮೀರಿದರೆ ‘ಇಲ್ಲ’ ಎನ್ನುತ್ತದೆ. ಆ ‘ಇಲ್ಲ’ವನ್ನು ಸರಿಯಾಗಿ ನಿಭಾಯಿಸದ ಪ್ರೋಗ್ರಾಂ ತಾನಾಗಿ ಬೀಳುತ್ತದೆ.

ಕಮಿಟ್‌ನ ಮಿತಿ ಎಂದರೆ ರ‍್ಯಾಮ್ ಮತ್ತು ಪೇಜ್ ಫೈಲ್‌ಗಳ ಮೊತ್ತ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, ‘ಕಮಿಟೆಡ್’ ಎಂಬಲ್ಲಿ ನೋಡಿ. 15.4/15.8 ಎಂಬಂತೆ ಎರಡು ಅಂಕಿ ಇರುತ್ತವೆ. ಎರಡೂ ಹತ್ತಿರ ಬಂದರೆ ಶೇ 70ರ ಗ್ರಾಫ್‌ಗೆ ಬೆಲೆಯಿಲ್ಲ. ನಡೆದದ್ದರ ದಾಖಲೆ ಬೇಕಿದ್ದರೆ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ‘ರಿಸೋರ್ಸ್-ಎಕ್ಸಾಸ್ಷನ್-ಡಿಟೆಕ್ಟರ್’ ಮೂಲದ 2004ನೇ ಸಂಖ್ಯೆಯ ಘಟನೆ ಹುಡುಕಿ. ಆ ಹೊತ್ತಿಗೆ ಹೆಚ್ಚು ಕಮಿಟ್ ಹಿಡಿದಿದ್ದ ಮೂರು ಪ್ರೋಗ್ರಾಂಗಳ ಹೆಸರೂ ಬೈಟ್‌ಗಳೂ ಅದರಲ್ಲೇ ಬರೆದಿರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್ ಪುಟದಲ್ಲಿ ‘ಕಮಿಟ್ ಸೈಜ್’ ಕಾಲಂ ಸೇರಿಸಿಕೊಂಡರೆ ನೇರವಾಗಿಯೂ ನೋಡಬಹುದು. ಎದ್ದು ಕಾಣುವ ಮೆಮೊರಿ ಕಾಲಂ ಇದನ್ನು ತೋರಿಸುವುದಿಲ್ಲ.

ಪೇಜ್ ಫೈಲನ್ನು ‘ಸಿಸ್ಟಂ ಮ್ಯಾನೇಜ್ಡ್’ ಎಂದು ವಾಪಸ್ ಇಡಿ. ಕಮಿಟ್ ಆಗಿಯೂ ಯಾರೂ ಮುಟ್ಟದ ಪುಟ ಎಸ್‌ಎಸ್‌ಡಿ ಮೇಲೆ ಬರೆಯಲ್ಪಡುವುದೇ ಇಲ್ಲ, ಹಾಗಾಗಿ ನಿಮ್ಮ ಭಯ ಅತಿಯಾಯಿತು. ಇನ್ನೊಂದು ಕಾರಣವೂ ಇದೆ: ನೀಲಿ ಪರದೆ ಬಂದಾಗ ಕರ್ನಲ್ ತನ್ನ ಡಂಪ್ (ಆ ಕ್ಷಣದ ಮೆಮೊರಿಯ ಪ್ರತಿ) ಬರೆಯುವುದು ಬೂಟ್ ಡ್ರೈವ್‌ನ ಪೇಜ್ ಫೈಲ್ ಒಳಗೆ. ಅದಿಲ್ಲದಿದ್ದರೆ ಕ್ರ್ಯಾಶ್‌ನ ಸಾಕ್ಷ್ಯವೂ ಉಳಿಯುವುದಿಲ್ಲ.

ಪ್ರಶ್ನೆ: ನಾಲ್ಕು ದಿನ ಆನ್ ಇದ್ದರೆ ಬಳಕೆ ಶೇ 90 ದಾಟುತ್ತದೆ, ಆಮೇಲೆ ವಿಂಡೋಸ್ ಸಿಕ್ಕಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ಪ್ರೋಗ್ರಾಂ ಕೂಡಿಸಿದರೂ 4 ಜಿಬಿ ದಾಟುವುದಿಲ್ಲ. ಉಳಿದ 10 ಜಿಬಿ ಎಲ್ಲಿ ಹೋಯಿತು? ವೈರಸ್ಸೇ?

ಉತ್ತರ: ವೈರಸ್‌ಗಿಂತ ಡ್ರೈವರ್ ಮೇಲೆ ಅನುಮಾನ ಪಡಿ. ಅದೇ ಮೆಮೊರಿ ಪುಟದ ಕೆಳಗೆ ‘ನಾನ್-ಪೇಜ್ಡ್ ಪೂಲ್’ ಎಂಬ ಅಂಕಿ ಇದೆ. ಡಿಸ್ಕ್‌ಗೆ ಸಾಗಿಸಲಾಗದ, ಸದಾ ರ‍್ಯಾಮ್‌ನಲ್ಲೇ ಇರಬೇಕಾದ ಕರ್ನಲ್ ದತ್ತಾಂಶ ಅದು. ಮನೆ ಬಳಕೆಯ ಯಂತ್ರದಲ್ಲಿ ಸಾಮಾನ್ಯವಾಗಿ ಕೆಲವು ನೂರು ಎಂಬಿ ಇರುತ್ತದೆ. ಅದೇ ಹಲವು ಜಿಬಿ ಇದ್ದು ದಿನೇ ದಿನೇ ಏರುತ್ತಿದ್ದರೆ ಯಾವುದೋ ಡ್ರೈವರ್ ಪಡೆದದ್ದನ್ನು ವಾಪಸ್ ಕೊಡುತ್ತಿಲ್ಲ. ಪ್ರೋಗ್ರಾಂಗಳನ್ನೆಲ್ಲ ಮುಚ್ಚಿದರೂ ಇಳಿಯದಿರುವುದು ಇದರ ಗುರುತು. ರೀಸ್ಟಾರ್ಟ್ ಮಾತ್ರ ಇಳಿಸುತ್ತದೆ.

ಹಿಡಿಯುವ ಸಾಧನ ‘ಪೂಲ್‌ಮಾನ್’, ಮೈಕ್ರೋಸಾಫ್ಟ್‌ನ ಡ್ರೈವರ್ ಕಿಟ್ ಆದ ಡಬ್ಲ್ಯುಡಿಕೆ ಜೊತೆ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ‘ಪಿ’ ಒತ್ತುತ್ತಾ ನಾನ್‌ಪೇಜ್ಡ್ ಮಾತ್ರ ಬರುವಂತೆ ಮಾಡಿ, ‘ಬಿ’ ಒತ್ತಿದರೆ ಬೈಟ್‌ಗಳ ಪ್ರಕಾರ ಜೋಡಣೆಯಾಗುತ್ತದೆ. ಪ್ರತಿ ಸಾಲಿನ ಮೊದಲಿಗೆ ನಾಲ್ಕು ಅಕ್ಷರದ ಟ್ಯಾಗ್. ‘ಅಲಾಕ್ಸ್’ ಎಂದರೆ ಪಡೆದದ್ದು, ‘ಫ್ರೀಸ್’ ಎಂದರೆ ಬಿಟ್ಟದ್ದು, ‘ಡಿಫ್’ ಅವುಗಳ ಅಂತರ. ಬೂಟ್ ಆದ ಒಂದು ಗಂಟೆಗೆ ಒಮ್ಮೆ, ಮರುದಿನ ಒಮ್ಮೆ ಮೇಲಿನ ಹತ್ತು ಸಾಲು ಬರೆದಿಟ್ಟುಕೊಳ್ಳಿ. ಡಿಫ್ ಇಳಿಯದೆ ಏರುತ್ತಲೇ ಇರುವ ಟ್ಯಾಗ್ ನಿಮಗೆ ಬೇಕಾದದ್ದು. ಒಂದೇ ಸಲ ನೋಡಿ ದೊಡ್ಡದನ್ನು ಆರಿಸಿದರೆ ದಾರಿ ತಪ್ಪುತ್ತೀರಿ, ಕೆಲವು ಟ್ಯಾಗ್‌ಗಳು ದೊಡ್ಡದಾಗಿಯೇ ಸ್ಥಿರವಾಗಿರುತ್ತವೆ.

ಟ್ಯಾಗ್ ಸಿಕ್ಕ ಮೇಲೆ ‘ಸಿಸ್ಟಂ32’ ಒಳಗಿನ ‘ಡ್ರೈವರ್ಸ್’ ಫೋಲ್ಡರ್‌ಗೆ ಹೋಗಿ, ‘ಫೈಂಡ್‌ಎಸ್‌ಟಿಆರ್ /ಎಂ /ಎಲ್’ ಮುಂದೆ ಆ ಟ್ಯಾಗ್ ಮತ್ತು ‘*.ಎಸ್‌ವೈಎಸ್’ ಕೊಡಿ. ಆ ಅಕ್ಷರಗಳಿರುವ ಡ್ರೈವರ್ ಫೈಲ್‌ಗಳ ಪಟ್ಟಿ ಬರುತ್ತದೆ. ಅಕ್ಷರ ದೊಡ್ಡದು ಚಿಕ್ಕದು ವ್ಯತ್ಯಾಸವಾಗಬಾರದು. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ತಯಾರಕರ ಹೆಸರಿರುತ್ತದೆ. ಹೊಸ ಆವೃತ್ತಿ ಹಾಕಿ, ಇಲ್ಲದಿದ್ದರೆ ಹಿಂದಿನದಕ್ಕೆ ಮರಳಿ. ಪೂಲ್ ಸಣ್ಣದಿದ್ದೂ ಮೆಮೊರಿ ಕಾಣೆಯಾಗಿದ್ದರೆ ಸಿಸ್‌ಇಂಟರ್ನಲ್ಸ್‌ನ ‘ರ‍್ಯಾಮ್‌ಮ್ಯಾಪ್’ ತೆರೆದು ‘ಡ್ರೈವರ್ ಲಾಕ್ಡ್’ ಸಾಲು ನೋಡಿ. ಓಡುತ್ತಿರುವ ವರ್ಚುವಲ್ ಮಷೀನ್‌ಗೆ ಕೊಟ್ಟ ಮೆಮೊರಿ ಅಲ್ಲಿ ಕಾಣಬಹುದು, ಅದು ಸೋರಿಕೆಯಲ್ಲ.

ಪ್ರಶ್ನೆ: ನೀಲಿ ಪರದೆಯಲ್ಲಿ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿತ್ತು. 8ರಿಂದ 16 ಜಿಬಿಗೆ ಏರಿಸಿದೆ, ಈಗ ಇನ್ನೂ ಹೆಚ್ಚು ಬರುತ್ತಿದೆ!

ಉತ್ತರ: ಆ ಸಂದೇಶ ಸ್ಟಾಪ್ ಕೋಡ್ 1ಎಯದು. ಮೆಮೊರಿ ಸಾಲದು ಎಂದು ಅದರ ಅರ್ಥವಲ್ಲ, ಮೆಮೊರಿಯ ಲೆಕ್ಕಪುಸ್ತಕದಲ್ಲಿ ತಪ್ಪು ಸಿಕ್ಕಿದೆ ಎಂದು. ಕೆಟ್ಟ ರ‍್ಯಾಮ್ ಅಥವಾ ಡ್ರೈವರ್ ಕಾರಣವಾಗಿರುತ್ತದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಹೆಚ್ಚಿದ್ದರಿಂದ ಮೊದಲು ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ. ಬಳಿಕ ‘ಮೆಮ್‌ಟೆಸ್ಟ್86+’ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕನಿಷ್ಠ ಒಂದು ಪೂರ್ಣ ಸುತ್ತು, ಸಾಧ್ಯವಿದ್ದರೆ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಬಂದರೂ ಪಾಸಲ್ಲ. ದೋಷ ಬಂದರೆ ಒಂದೊಂದೇ ಸ್ಟಿಕ್ ಇಟ್ಟು, ಒಂದೇ ಸ್ಲಾಟ್‌ನಲ್ಲಿ ಮತ್ತೆ ಪರೀಕ್ಷಿಸಿ.

ಮೆಮೊರಿ ಬರದ ಸುಳಿವು ನಿಜಕ್ಕೂ ಸಿಗಬಹುದಾದ ಕೋಡ್ 7ಎ. ಅದರ ಎರಡನೇ ಪ್ಯಾರಾಮೀಟರ್ ‘ಸಿ000009ಎ’ ಆಗಿದ್ದರೆ ನಾನ್‌ಪೇಜ್ಡ್ ಪೂಲ್ ಮುಗಿದಿತ್ತು, ಹಿಂದಿನ ಉತ್ತರ ಓದಿ. ‘ಸಿ000009ಸಿ’ ಆದರೆ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್, ‘ಸಿ0000185’ ಆದರೆ ಕೇಬಲ್ ಅಥವಾ ಕಂಟ್ರೋಲರ್. ಒಂದೇ ಪರದೆ, ಮೂರು ಬೇರೆ ಬೇರೆ ರಿಪೇರಿ.

ಪ್ರಶ್ನೆ: ನಾವೇ ಬರೆದ ಸರ್ವೀಸ್ ಐದು ದಿನಕ್ಕೊಮ್ಮೆ ಓಓಎಂಗೆ ಬಲಿಯಾಗುತ್ತದೆ. ಸೋರಿಕೆಯೇ ಎಂದು ಕ್ರ್ಯಾಶ್‌ಗೆ ಮುಂಚೆಯೇ ಸಾಬೀತು ಮಾಡುವುದು ಹೇಗೆ?

ಉತ್ತರ: ನಿಮಿಷಕ್ಕೊಮ್ಮೆ ಅದರ ಆರ್‌ಎಸ್‌ಎಸ್ ಅನ್ನು ಸಮಯದೊಂದಿಗೆ ಫೈಲ್‌ಗೆ ಬರೆಸಿ. ‘ಪಿಎಸ್’ ಕಮಾಂಡ್ ಮತ್ತು ಕ್ರಾನ್ ಸಾಕು. ಶುರುವಿನ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕ್ಯಾಶ್ ತುಂಬುವಾಗ ಎಲ್ಲವೂ ಏರುತ್ತದೆ. ಆಮೇಲಿನ ರೇಖೆ ನೋಡಿ. ಉದಾಹರಣೆಗೆ ಮೊದಲ ಗಂಟೆ ಕಳೆದ ಮೇಲೆ 410 ಎಂಬಿ, ಮುಂದೆ 6 ಗಂಟೆಗೆ 494, 12 ಗಂಟೆಗೆ 578 ಎಂದುಕೊಳ್ಳಿ. ಗಂಟೆಗೆ 14 ಎಂಬಿ. ಮಿತಿ 2048 ಎಂಬಿಯಾದರೆ ಉಳಿದ 1638 ಎಂಬಿ ತಿನ್ನಲು 117 ಗಂಟೆ, ಅಂದರೆ ಐದು ದಿನಕ್ಕೆ ಮೂರು ಗಂಟೆ ಕಮ್ಮಿ. ನಿಮ್ಮ ಅಂಕಿಗಳೂ ಹೀಗೆ ಕ್ರ್ಯಾಶ್‌ನ ಸಮಯಕ್ಕೆ ತಾಳೆಯಾದರೆ ನಿಧಾನದ ಸೋರಿಕೆ ಸಾಬೀತಾದಂತೆ. ತಾಳೆಯಾಗದೆ, ಕೊನೆಯವರೆಗೂ ಸಪಾಟಾಗಿದ್ದು ಹತ್ತೇ ನಿಮಿಷದಲ್ಲಿ ಜಿಗಿದಿದ್ದರೆ ಅದು ಸೋರಿಕೆಯಲ್ಲ. ಯಾವುದೋ ಒಂದು ವಿನಂತಿ ಮಿತಿಯಿಲ್ಲದೆ ದತ್ತಾಂಶ ಎಳೆದಿದೆ. ಆ ನಿಮಿಷದ ವಿನಂತಿಗಳ ಲಾಗ್ ತೆಗೆಯಿರಿ.

ನಂತರ ಗಂಟೆಗಳ ಬದಲು ವಿನಂತಿಗಳ ಸಂಖ್ಯೆಯ ಎದುರು ಅದೇ ರೇಖೆ ಎಳೆಯಿರಿ. ವಿನಂತಿ ನಿಂತಾಗ ಏರಿಕೆಯೂ ನಿಂತರೆ ಸೋರುತ್ತಿರುವುದು ವಿನಂತಿಯ ಹಾದಿಯಲ್ಲಿ. ನಿಲ್ಲದಿದ್ದರೆ ಟೈಮರ್, ಮರುಸಂಪರ್ಕ, ಲಾಗ್ ಬಫರ್ ಇಂಥವನ್ನು ಶೋಧಿಸಿ. ಸಿ ಅಥವಾ ಸಿ++ ಆದರೆ ಪರೀಕ್ಷಾ ಯಂತ್ರದಲ್ಲಿ ‘ಹೀಪ್‌ಟ್ರ್ಯಾಕ್’ ಅಥವಾ ‘ವ್ಯಾಲ್‌ಗ್ರೈಂಡ್’ ಜೊತೆ ಓಡಿಸಿ. ಎರಡನೆಯದು ಹಲವು ಪಟ್ಟು ನಿಧಾನ ಮಾಡುತ್ತದೆ, ನಿಜವಾದ ಸರ್ವರ್‌ನಲ್ಲಿ ಬೇಡ. ಸೋರಿಕೆ ಎಲ್ಲೂ ಸಿಗದೆ ಆರ್‌ಎಸ್‌ಎಸ್ ಮಾತ್ರ ಏರುತ್ತಿದ್ದು ಥ್ರೆಡ್‌ಗಳು ಹೆಚ್ಚಿದ್ದರೆ, ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಮೆಮೊರಿ ಹಂಚಿಕೆಯಲ್ಲಿ ಚೂರುಗಳು ಉಳಿಯುತ್ತಿರಬಹುದು. ‘ಮ್ಯಾಲಕ್_ಅರೇನಾ_ಮ್ಯಾಕ್ಸ್’ ಎಂಬ ಪರಿಸರ ಚರಕ್ಕೆ 2 ಕೊಟ್ಟು ಒಂದು ದಿನ ನೋಡಿ. ರೇಖೆ ಸಪಾಟಾದರೆ ಕೋಡ್ ತಿದ್ದುವ ಅಗತ್ಯವೇ ಇಲ್ಲ.

ದೋಷ ಸಿಗುವ ತನಕ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಂಡಿಯ ಘಟಕ ಫೈಲ್‌ನಲ್ಲಿ ‘ಮೆಮೊರಿಮ್ಯಾಕ್ಸ್’ ಮತ್ತು ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಹಾಕಿ. ಆಗ ಸತ್ತರೆ ಅದೊಂದೇ ಸಾಯುತ್ತದೆ, ಪಕ್ಕದವರನ್ನು ಕರೆದುಕೊಂಡು ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್ ಸ್ತಬ್ಧವಾಗುತ್ತದೆ, ರೀಸ್ಟಾರ್ಟ್ ಮಾಡಿದರೆ ಲಾಗ್‌ನಲ್ಲಿ ಏನೂ ಇಲ್ಲ. ಮೆಮೊರಿಯೇ ಎಂದು ಹೇಗೆ ಹೇಳುವುದು?

ಉತ್ತರ: ಮೊದಲು ಲಾಗ್ ಉಳಿಯುತ್ತಿದೆಯೇ ನೋಡಿ. ‘/ವಾರ್/ಲಾಗ್/ಜರ್ನಲ್’ ಫೋಲ್ಡರ್ ಇಲ್ಲದಿದ್ದರೆ ಜರ್ನಲ್ ಬಹುತೇಕ ರ‍್ಯಾಮ್‌ನಲ್ಲೇ ಇದ್ದು ರೀಸ್ಟಾರ್ಟ್‌ಗೆ ಅಳಿಸಿಹೋಗುತ್ತದೆ. ಫೋಲ್ಡರ್ ಮಾಡಿ, ‘ಸಿಸ್ಟಂಡಿ-ಜರ್ನಲ್‌ಡಿ’ ಮರುಚಾಲನೆ ಮಾಡಿ. ಮುಂದಿನ ಸಲ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಮಾತುಗಳು ಸಿಗುತ್ತವೆ. ‘120 ಸೆಕೆಂಡಿಗಿಂತ ಹೆಚ್ಚು ತಡೆಹಿಡಿಯಲ್ಪಟ್ಟಿದೆ’ ಎಂಬರ್ಥದ ‘ಬ್ಲಾಕ್ಡ್’ ಸಾಲುಗಳೂ ಮುಖ್ಯ, ಆದರೆ ಅವು ಡಿಸ್ಕ್ ಕೆಟ್ಟಾಗಲೂ ಬರುತ್ತವೆ.

ಥ್ರ್ಯಾಶಿಂಗ್ ಮಧ್ಯೆ ಲಾಗ್ ಬರೆಯುವ ಪ್ರೋಸೆಸ್ ಕೂಡ ಡಿಸ್ಕ್‌ಗಾಗಿ ಕಾಯುತ್ತಿರುತ್ತದೆ, ಹಾಗಾಗಿ ಕೊನೆಯ ನಿಮಿಷಗಳು ಕಾಣೆಯಾಗುವುದು ಸಹಜ. ಅದಕ್ಕೆ ‘ನೆಟ್‌ಕನ್ಸೋಲ್’ ಇದೆ: ಕರ್ನಲ್ ತನ್ನ ಸಾಲುಗಳನ್ನು ಡಿಸ್ಕ್ ಮುಟ್ಟದೆ ನೇರವಾಗಿ ಯುಡಿಪಿ ಮೂಲಕ ಪಕ್ಕದ ಯಂತ್ರಕ್ಕೆ ಕಳಿಸುತ್ತದೆ. ಪೂರ್ತಿ ಚಿತ್ರ ಬೇಕಿದ್ದರೆ ಕರ್ನಲ್ ಬಿದ್ದಾಗ ಡಂಪ್ ಉಳಿಸುವ ಕೆಡಂಪ್ ಅಣಿಮಾಡಿ, ‘ವಿಎಂ.ಪ್ಯಾನಿಕ್_ಆನ್_ಓಓಎಂ’ 1 ಮಾಡಿ. ಓಓಎಂ ಆದ ಕ್ಷಣವೇ ಕರ್ನಲ್ ಪ್ಯಾನಿಕ್ ಆಗಿ ಇಡೀ ಮೆಮೊರಿಯ ಡಂಪ್ ಉಳಿಯುತ್ತದೆ. ಕೆಡಂಪ್ ಇಲ್ಲದೆ ಈ ಆಯ್ಕೆ ಹಾಕಿದರೆ ಸರ್ವರ್ ನಿಲ್ಲುತ್ತದೆ, ಬೇರೇನೂ ದಕ್ಕುವುದಿಲ್ಲ. ದೋಷ ಸಿಕ್ಕ ಮೇಲೆ ಮರೆಯದೆ 0 ಮಾಡಿ.

ಇಷ್ಟಾಗಿಯೂ ನೆಟ್‌ಕನ್ಸೋಲ್‌ನಲ್ಲಿ ಒಂದೇ ಒಂದು ಸಾಲು ಬರದೆ, ಕೊನೆಯ ನಿಮಿಷದವರೆಗೂ ‘ಅವೈಲಬಲ್’ ಅಂಕಿ ಸಪಾಟಾಗಿದ್ದು ಯಂತ್ರ ದಿಢೀರ್ ನಿಂತಿದ್ದರೆ ಮೆಮೊರಿಯ ಬೆನ್ನು ಬಿಡಿ. ಪವರ್ ಸಪ್ಲೈ ಮತ್ತು ಪ್ರೊಸೆಸರ್ ತಾಪಮಾನದ ಕಡೆ ನೋಡಿ.